ಎಡೆದೊರೆಯ ನೂರು ವರ್ಷದ ಯುದ್ಧ



ಈ ಉಪನ್ಯಾಸಕ್ಕೆ ನನಗೆ ಕೊಟ್ಟ ವಿಷಯ ಮಧ್ಯಯುಗದ ಯುರೋಪಿನ ಯುದ್ಧಗಳು ಮತ್ತು ತಿರುವುಗಳು. ಪಟ್ಟಿ ಒಪ್ಪಿಸಿ ಕೂತುಬಿಡುವುದು ಸುಲಭ. 732ರ ತೂರ್, 1066ರ ಹೇಸ್ಟಿಂಗ್ಸ್, 1099ರಲ್ಲಿ ಜೆರುಸಲೇಮ್, 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಲೂಟಿ, 1215ರ ಮ್ಯಾಗ್ನಾ ಕಾರ್ಟಾ, 1453ರಲ್ಲಿ ಅದೇ ಕಾನ್‌ಸ್ಟಾಂಟಿನೋಪಲ್ ತುರ್ಕರ ಪಾಲು. ಬಿ.ಎ.ಗೆ ಇತಿಹಾಸ ತೆಗೆದುಕೊಂಡವರಿಗೆಲ್ಲ ಇದು ಬಾಯಿಪಾಠ. ನಮ್ಮ ಹುಡುಗರು ಇಂಗ್ಲೆಂಡ್–ಫ್ರಾನ್ಸ್ ನಡುವಿನ ನೂರು ವರ್ಷದ ಯುದ್ಧಕ್ಕೆ ಕಾರಣ, ಪರಿಣಾಮ ಎಂದು ನಾಲ್ಕು ಪುಟ ಬರೆಯುತ್ತಾರೆ. ಆದರೆ ಕಲಬುರಗಿಯ ಜಗತ್ ವೃತ್ತದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಕೋಟೆಯಿಂದ ಹೊರಟ ಸೈನ್ಯಗಳು ಅದೇ ಕಾಲದಲ್ಲಿ ಎಲ್ಲಿಗೆ ಹೋದವು, ಏಕೆ ಹೋದವು ಎಂದು ಕೇಳಿದರೆ ಅರ್ಧ ಪುಟಕ್ಕೆ ಮುಗಿಸುತ್ತಾರೆ. ತಪ್ಪು ಹುಡುಗರದಲ್ಲ. ಯುರೋಪಿನ ಇತಿಹಾಸ ಒಂದು ಪತ್ರಿಕೆಯಲ್ಲಿ, ದಖ್ಖನಿನದು ಇನ್ನೊಂದು ಪತ್ರಿಕೆಯಲ್ಲಿ. ಎರಡನ್ನೂ ಒಂದೇ ಪಂಚಾಂಗದಲ್ಲಿ ಇಟ್ಟು ನೋಡುವ ಅವಕಾಶ ನಾವೇ ಕೊಟ್ಟಿಲ್ಲ.

ಹಾಗಾಗಿ ಇಂದು ಯುರೋಪಿನ ಎಲ್ಲ ಯುದ್ಧಗಳನ್ನೂ ಬಿಟ್ಟು ಒಂದನ್ನೇ ಹಿಡಿಯುತ್ತೇನೆ, ಆ ನೂರು ವರ್ಷದ ಯುದ್ಧವನ್ನು. ಅದರ ಪಕ್ಕದಲ್ಲಿ ನಮ್ಮದೊಂದನ್ನು ನಿಲ್ಲಿಸುತ್ತೇನೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನೆಲಕ್ಕೆ ಶಾಸನಗಳಲ್ಲಿ ಎಡೆದೊರೆ ಎಂಬ ಹೆಸರಿದೆ. ಈಗಿನ ಪುಸ್ತಕಗಳು ರಾಯಚೂರು ದೋಆಬ್ ಎನ್ನುತ್ತವೆ. ಅದಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ನೂರೈವತ್ತು ವರ್ಷ ಹೊಡೆದಾಡಿದರು. ಈ ಎರಡು ಯುದ್ಧಗಳನ್ನು ನಾನು ಕದನಗಳ ಲೆಕ್ಕದಲ್ಲಿ ನೋಡುವುದಿಲ್ಲ. ಯುದ್ಧದ ದುಡ್ಡು ಯಾರ ಗಂಟಿನಿಂದ ಬಂತು, ಗಂಟು ಬಿಚ್ಚಿದವನಿಗೆ ಮಾತಾಡುವ ಬಾಯಿ ಇತ್ತೇ ಎಂಬುದೇ ನನ್ನ ಕುತೂಹಲ.

ಒಂದು ತಾರೀಖಿನಿಂದ ಶುರು ಮಾಡೋಣ. 1347ರ ಆಗಸ್ಟ್ 3. ಅಂದು ದೌಲತಾಬಾದಿನಲ್ಲಿ ಹಸನ್ ಎಂಬ ದಂಡನಾಯಕ ಅಲಾವುದ್ದೀನ್ ಬಹಮನ್ ಷಾ ಎಂಬ ಹೆಸರಿನಲ್ಲಿ ಪಟ್ಟವೇರಿದ. ಸ್ವಲ್ಪ ದಿನಕ್ಕೆ ರಾಜಧಾನಿಯನ್ನು ಕಲಬುರಗಿಗೆ ತಂದ. ಅದೇ ಆಗಸ್ಟ್ 3ರಂದು, ಇಲ್ಲಿಂದ ಸಾವಿರಾರು ಮೈಲಿ ದೂರದಲ್ಲಿ, ಹನ್ನೊಂದು ತಿಂಗಳ ಮುತ್ತಿಗೆಯ ನಂತರ ಫ್ರಾನ್ಸಿನ ಕ್ಯಾಲೇ ಪಟ್ಟಣ ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡನಿಗೆ ಬಾಗಿಲು ತೆರೆಯಿತು. ಒಂದೇ ದಿನ. ಇದರಲ್ಲಿ ದೈವಸಂಕೇತ ಹುಡುಕುವವರು ಹುಡುಕಲಿ. ನನಗೆ ಇದು ಪಾಠ ಹೇಳಲು ಸಿಕ್ಕ ಒಂದು ಗೂಟ, ಅಷ್ಟೇ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸಂಬಂಧವಿಲ್ಲ.

ಆದರೆ ಆ ಎರಡೂ ಘಟನೆಗಳ ಬೆನ್ನಿಗೆ ರೋಗವೊಂದು ನಿಂತಿತ್ತು. ಅದು ಕಾಕತಾಳೀಯವಲ್ಲ. ಕ್ಯಾಲೇ ಬಿದ್ದ ಎರಡು ತಿಂಗಳಿಗೆ, ಅಕ್ಟೋಬರ್ 1347ರಲ್ಲಿ, ಕಪ್ಪು ಸಮುದ್ರದ ಕಡೆಯಿಂದ ಬಂದ ಹಡಗುಗಳು ಸಿಸಿಲಿಯ ಮೆಸ್ಸೀನಾ ಬಂದರಿಗೆ ಪ್ಲೇಗನ್ನು ಇಳಿಸಿದವು. ಮರುವರ್ಷ ಅದು ಇಂಗ್ಲೆಂಡ್ ಮುಟ್ಟಿತು. ನಾಲ್ಕೈದು ವರ್ಷದಲ್ಲಿ ಯುರೋಪಿನ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನ ಸತ್ತರು. ನಮ್ಮ ಕಡೆ ರೋಗ ಅದಕ್ಕೂ ಮುಂಚೆ ತನ್ನ ಕೆಲಸ ಮಾಡಿತ್ತು. 1335ರ ಸುಮಾರಿಗೆ ಮಧುರೆಯ ದಂಗೆ ಅಡಗಿಸಲು ಹೊರಟ ಮುಹಮ್ಮದ್ ಬಿನ್ ತುಘಲಕನ ಸೇನೆ ವಾರಂಗಲ್ಲಿನಲ್ಲಿ ಸಾಂಕ್ರಾಮಿಕಕ್ಕೆ ಸಿಕ್ಕಿ ಕರಗಿಹೋಯಿತು. ಸುಲ್ತಾನನೂ ಹಾಸಿಗೆ ಹಿಡಿದ, ಬೀದರ್ ಮಾರ್ಗವಾಗಿ ಹಿಂದಿರುಗಿದ. ದಾರಿಯಲ್ಲಿ ಬೀಡ್ ಹತ್ತಿರ ಅವನದೊಂದು ಹಲ್ಲು ಬಿತ್ತಂತೆ, ಅದಕ್ಕೂ ಗೋರಿ ಕಟ್ಟಿಸಿದನಂತೆ. ಹಲ್ಲಿನ ಕಥೆ ನಗು ತರಿಸುತ್ತದೆ, ಸತ್ತ ಸೈನ್ಯದ ಕಥೆ ನಗುವಂಥದ್ದಲ್ಲ. ದಕ್ಷಿಣವನ್ನು ಹಿಡಿದಿಡುವ ಕೈ ದೆಹಲಿಗೆ ಆಮೇಲೆ ಉಳಿಯಲಿಲ್ಲ. ವಾರಂಗಲ್, ವಿಜಯನಗರ, ಕೊನೆಗೆ ದೌಲತಾಬಾದಿನ ಶತಾಧಿಪತಿ ಅಮೀರರು, ಒಬ್ಬರ ಹಿಂದೆ ಒಬ್ಬರು ಕಳಚಿಕೊಂಡರು. ಕಲಬುರಗಿ ರಾಜಧಾನಿ ಆದದ್ದು ಈ ಕಳಚುವಿಕೆಯಿಂದ.

ಇನ್ನು ಯುದ್ಧದ ಕಾರಣ. ಎಡ್ವರ್ಡನ ತಾಯಿ ಫ್ರಾನ್ಸಿನ ರಾಜಕುಮಾರಿ, ಆದ್ದರಿಂದ ಫ್ರಾನ್ಸಿನ ಕಿರೀಟ ತನ್ನದು ಎಂಬುದು ಬಾಯಿಮಾತಿನ ಕಾರಣ. ಒಳಗೆ ಗಾಸ್ಕನಿಯ ದ್ರಾಕ್ಷಾರಸದ ಸುಂಕವಿತ್ತು, ಇಂಗ್ಲೆಂಡಿನ ಕುರಿಯ ಉಣ್ಣೆ ಕೊಳ್ಳುವ ಫ್ಲಾಂಡರ್ಸ್ ಮಗ್ಗಗಳಿದ್ದವು. ಎಡೆದೊರೆಯಲ್ಲೂ ಹಾಗೆಯೇ. ಮುದಗಲ್ಲು, ರಾಯಚೂರಿನ ಕೋಟೆಗಳ ಸುತ್ತ ಎರೆಮಣ್ಣಿನ ಕಂದಾಯವಿತ್ತು. ಅದಕ್ಕಿಂತ ದೊಡ್ಡದು ಕುದುರೆಯ ದಾರಿ. ದಖ್ಖನಿನಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟುವುದಿಲ್ಲ. ಅವು ಅರಬ್ಬಸ್ತಾನ, ಪರ್ಷಿಯಾದಿಂದ ಹಡಗಿನಲ್ಲಿ ಬರಬೇಕು. ಗೋವಾ, ದಾಭೋಳ, ಚೌಲ್ ಬಂದರಿನಲ್ಲಿ ಇಳಿಯಬೇಕು. ಬಂದರು ಯಾರ ಕೈಯಲ್ಲೋ ಕುದುರೆ ಅವರ ಕೈಯಲ್ಲಿ, ಕುದುರೆ ಇದ್ದವನ ಕೈಯಲ್ಲಿ ಗೆಲುವು.

ಈ ಎರಡು ಯುದ್ಧಗಳ ಕಥೆ ನಮಗೆ ತಲುಪಿದ್ದು ಇಬ್ಬರು ಕಥೆಗಾರರ ಬಾಯಿಂದ. ಅಲ್ಲಿ ಫ್ರಾಯ್ಸಾರ್, ಇಲ್ಲಿ ಫರಿಶ್ತಾ. ಫ್ರಾಯ್ಸಾರ್ ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಬರೆದವನು, ಆದರೆ ಕ್ಯಾಲೇ ಬಿದ್ದಾಗ ಚಿಕ್ಕ ಹುಡುಗ. ಫರಿಶ್ತಾ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಷಾನ ಆಸರೆಯಲ್ಲಿ, 1600 ದಾಟಿದ ಮೇಲೆ ಬರೆದವನು; ಮುಂದೆ ಹೇಳುವ ಮುದಗಲ್ಲಿನ ಘಟನೆಗೂ ಅವನಿಗೂ ನಡುವೆ ಎರಡು ನೂರು ವರ್ಷಕ್ಕಿಂತ ಹೆಚ್ಚಿನ ಅಂತರ. ಇಬ್ಬರಿಗೂ ಸಂಖ್ಯೆ ಉಬ್ಬಿಸುವ ಚಟ, ಇಬ್ಬರಿಗೂ ದೊರೆಗಳ ಮೀಸೆ ಕಂಡರೆ ಪ್ರೀತಿ. ಆದರೂ ಇಬ್ಬರೂ ಹೇಳಿದ ಒಂದೊಂದು ಪ್ರಸಂಗವನ್ನು ಹತ್ತಿರದಿಂದ ನೋಡಬೇಕು.

ಕ್ಯಾಲೇಯದು ಹೀಗೆ. ಊಟಕ್ಕಿಲ್ಲದ ಪಟ್ಟಣ ಶರಣಾಗತಿ ಕೇಳಿತು. ಎಡ್ವರ್ಡ್ ಹೇಳಿದ: ಊರಿನ ಆರು ಮಂದಿ ಗಣ್ಯರು ಬರಿಗಾಲಲ್ಲಿ, ಕೊರಳಿಗೆ ಹಗ್ಗ ಹಾಕಿಕೊಂಡು, ಕೋಟೆಯ ಬೀಗದಕೈ ಹಿಡಿದು ಬರಲಿ, ಅವರ ತಲೆ ನನಗಿರಲಿ, ಉಳಿದವರು ಬದುಕಲಿ. ಊರಿನ ಶ್ರೀಮಂತ ಯೂಸ್ತಾಷ್ ದ ಸಾಂ ಪಿಯರ್ ಮೊದಲು ಎದ್ದು ನಿಂತ, ಇನ್ನೈವರು ಹಿಂದೆ ಬಂದರು. ಕೊನೆಯ ಗಳಿಗೆಯಲ್ಲಿ ಬಸುರಿ ರಾಣಿ ಫಿಲಿಪಾ ಗಂಡನ ಕಾಲಿಗೆ ಬಿದ್ದು ಅವರ ಜೀವ ಉಳಿಸಿದಳು. ಐದುನೂರು ವರ್ಷದ ಮೇಲೆ ಶಿಲ್ಪಿ ರೊಡಾನ್ ಆ ಆರು ಮಂದಿಯನ್ನು ಕಂಚಿನಲ್ಲಿ ಎರಕ ಹೊಯ್ದು ಆ ಊರಿಗೆ ಕೊಟ್ಟ. ಆದರೆ ಮುತ್ತಿಗೆಯ ನಡುವೆ ಅನ್ನವಿಲ್ಲವೆಂದು ಊರೇ ಹೊರಗೆ ಹಾಕಿದ ಮುದುಕರು, ಮಕ್ಕಳು ಕೋಟೆಗೂ ಇಂಗ್ಲಿಷ್ ಶಿಬಿರಕ್ಕೂ ನಡುವಿನ ಬಯಲಲ್ಲಿ ಸತ್ತರು. ಅವರಿಗೆ ಯಾರೂ ಕಂಚು ಕರಗಿಸಲಿಲ್ಲ.

ಮುದಗಲ್ಲಿನದು ಹೀಗೆ. ಎರಡನೆಯ ಬಹಮನಿ ಸುಲ್ತಾನ ಮೊದಲನೆಯ ಮುಹಮ್ಮದ್ ಷಾ ಕಲಬುರಗಿಯಲ್ಲಿ ಔತಣ ನಡೆಸುತ್ತಿದ್ದ. ದೆಹಲಿಯಿಂದ ಬಂದ ಹಾಡುಗಾರರ ಮೇಳ ಮನಸ್ಸು ತುಂಬಿಸಿತು. ಅವರಿಗೆ ಕೊಡಬೇಕಾದ ಬಕ್ಷೀಸನ್ನು ತನ್ನ ಬೊಕ್ಕಸದಿಂದ ಕೊಡದೆ ವಿಜಯನಗರದ ಬೊಕ್ಕಸದ ಮೇಲೆ ಹುಂಡಿ ಬರೆದ! ಹುಂಡಿ ಒಯ್ದ ದೂತನನ್ನು ಬುಕ್ಕರಾಯ ಕತ್ತೆಯ ಮೇಲೆ ಕೂರಿಸಿ ಊರು ಸುತ್ತಿಸಿದ, ತುಂಗಭದ್ರೆ ದಾಟಿ ಮುದಗಲ್ಲಿನ ಮೇಲೆ ಬಿದ್ದ. ಕೋಟೆಯಲ್ಲಿದ್ದವರೆಲ್ಲ ಕತ್ತಿಗೆ ಆಹುತಿ. ಒಬ್ಬ ಮಾತ್ರ ತಪ್ಪಿಸಿಕೊಂಡು ಕಲಬುರಗಿಗೆ ಓಡಿಬಂದು ಸುದ್ದಿ ಹೇಳಿದ. ಅಷ್ಟು ಸಂಗಾತಿಗಳು ಸಾಯುವುದನ್ನು ನೋಡಿಯೂ ಬದುಕಿ ಬಂದವನ ಮುಖ ತನಗೆ ಬೇಡವೆಂದು ಸುಲ್ತಾನ ಆ ಸುದ್ದಿ ತಂದವನನ್ನೂ ಕೊಲ್ಲಿಸಿದ. ಆಮೇಲೆ ನಡೆದ ಸೇಡಿನಲ್ಲಿ ಸತ್ತವರ ಸಂಖ್ಯೆಯನ್ನು ಫರಿಶ್ತಾ ಲಕ್ಷಗಳಲ್ಲಿ ಹೇಳುತ್ತಾನೆ. ಅದನ್ನು ನಾನು ನಂಬುವುದಿಲ್ಲ. ಅವನು ಹೇಳುವ ಇನ್ನೊಂದು ಮಾತನ್ನು ಮಾತ್ರ ಗಮನಿಸುತ್ತೇನೆ. ಕೊನೆಗೆ ವಿಜಯನಗರದ ದೂತರು ಬಂದು, ಒಬ್ಬರ ತಪ್ಪಿಗೆ ನಿರಪರಾಧಿಗಳನ್ನು ಕೊಲ್ಲುವುದು ಯಾವ ಧರ್ಮ ಎಂದು ಕೇಳಿದರಂತೆ. ಗೆದ್ದ ಮೇಲೆ ಶರಣಾದವರನ್ನು, ಬರಿಗೈಯವರನ್ನು ಕೊಲ್ಲುವುದಿಲ್ಲ, ತನ್ನ ಮುಂದಿನವರೂ ಕೊಲ್ಲಬಾರದು ಎಂದು ಸುಲ್ತಾನ ಮಾತು ಕೊಟ್ಟನಂತೆ. ಆ ಮಾತನ್ನು ಮುಂದಿನವರು ಎಷ್ಟು ಉಳಿಸಿಕೊಂಡರು ಎಂಬ ಪ್ರಶ್ನೆ ಬೇರೆ. 1366ರಲ್ಲಿ ಅಂಥ ಮಾತು ಕೇಳುವ ದೂತರೂ ಕೊಡುವ ಸುಲ್ತಾನನೂ ಇದ್ದರು ಎಂದು ಕಥೆಯನ್ನಾದರೂ ಕಟ್ಟಬೇಕು ಎಂದು ಒಬ್ಬ ಇತಿಹಾಸಕಾರನಿಗೆ ಅನ್ನಿಸಿತಲ್ಲ!

ಹುಂಡಿಯ ಈ ಪ್ರಸಂಗವನ್ನು ದರ್ಪದ ಕಥೆಯಾಗಿಯೇ ಎಲ್ಲರೂ ಓದುತ್ತಾರೆ. ನನಗೆ ಅದು ದುಡ್ಡಿನ ಕಥೆಯಾಗಿ ಕಾಣುತ್ತದೆ. ಏಕೆಂದರೆ ಅದಕ್ಕೆ ಕೆಲವು ವರ್ಷ ಮುಂಚೆ ಇದೇ ಕಲಬುರಗಿಯಲ್ಲಿ ಇನ್ನೊಂದು ಘಟನೆ ನಡೆದಿತ್ತು.

ಮುಹಮ್ಮದ್ ಷಾ ತನ್ನ ಹೆಸರಿನ ಚಿನ್ನದ ನಾಣ್ಯ ಟಂಕಿಸಿದ. ನಾಣ್ಯ ನಡೆಯುವುದೆಂದರೆ ರಾಜ್ಯ ನಡೆಯುತ್ತಿದೆ ಎಂದರ್ಥ. ಆದರೆ ಪೇಟೆಗೆ ಬೇಕಾಗಿದ್ದು ದಕ್ಷಿಣದಲ್ಲಿ ತಲೆತಲಾಂತರದಿಂದ ಕೈಬದಲಾಗುತ್ತಿದ್ದ ಹೊನ್ನು. ಸರಾಫರು ಸುಲ್ತಾನನ ನಾಣ್ಯ ಕೈಗೆ ಬಂದಂತೆಲ್ಲ ಕುಲುಮೆಗೆ ಹಾಕಿ ಕರಗಿಸಿದರು. ವಾರಂಗಲ್, ವಿಜಯನಗರದ ಅರಸರ ಕುಮ್ಮಕ್ಕು ಇತ್ತು ಎಂಬುದು ಫರಿಶ್ತಾನ ಆರೋಪ. ಲಾಭದ ಕುಮ್ಮಕ್ಕೇ ಸಾಕಿತ್ತು ಎಂಬುದು ನನ್ನ ಅನುಮಾನ. ಎಚ್ಚರಿಕೆಗೆ ಬಗ್ಗದಿದ್ದಾಗ, 1360ರ ಸುಮಾರಿಗೆ, ಸುಲ್ತಾನ ರಾಜ್ಯದ ಸರಾಫರನ್ನು ಒಟ್ಟಿಗೆ ಕೊಲ್ಲಿಸಿದ. ಉತ್ತರದಿಂದ ಸೈನ್ಯದ ಜೊತೆ ಬಂದಿದ್ದ ಖತ್ರಿಗಳಿಗೆ ಆ ವ್ಯವಹಾರ ಒಪ್ಪಿಸಿದ.

ಅದೇ ಕಾಲದ ಇಂಗ್ಲೆಂಡ್ ನೋಡಿ. ಎಡ್ವರ್ಡನ ಯುದ್ಧಕ್ಕೆ ಸಾಲ ಕೊಟ್ಟವರು ಫ್ಲಾರೆನ್ಸಿನ ಬಾರ್ದಿ, ಪೆರುಜ್ಜಿ ಎಂಬ ಎರಡು ಬ್ಯಾಂಕಿನ ಮನೆತನಗಳು. ಆ ಕಾಲದ ಯುರೋಪಿನಲ್ಲಿ ಅವರಿಗಿಂತ ದೊಡ್ಡ ಸಾಹುಕಾರರಿಲ್ಲ. ದೊರೆ ಸಾಲ ತೀರಿಸಲಿಲ್ಲ. ಪೆರುಜ್ಜಿ 1343ರಲ್ಲಿ ದಿವಾಳಿ, ಬಾರ್ದಿ 1346ರಲ್ಲಿ. ಅವರ ನಷ್ಟಕ್ಕೆ ಎಡ್ವರ್ಡ್ ಒಬ್ಬನೇ ಕಾರಣನಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ, ಆದರೂ ಅವನ ಪಾಲನ್ನು ಮರೆಯುವಂತಿಲ್ಲ. ನಮ್ಮ ಸುಲ್ತಾನ ಸಾಹುಕಾರರ ಕತ್ತು ಕೊಯ್ದ, ಅವರ ದೊರೆ ಸಾಹುಕಾರರ ಅಂಗಡಿ ಮುಚ್ಚಿಸಿದ. ಇಲ್ಲಿಯವರೆಗೆ ಇಬ್ಬರೂ ಒಂದೇ ಮಣೆಯ ಮೇಲೆ ಕೂರುವವರೇ.

ದಾರಿ ಕವಲೊಡೆಯುವುದು ಆಮೇಲೆ. ಸಾಲ ಹುಟ್ಟದ ಎಡ್ವರ್ಡ್ ಪಾರ್ಲಿಮೆಂಟಿನ ಮುಂದೆ ಕೈಯೊಡ್ಡಬೇಕಾಯಿತು. ಹೊಸ ತೆರಿಗೆಗೆ ಪಾರ್ಲಿಮೆಂಟಿನ ಒಪ್ಪಿಗೆ ಬೇಕು ಎಂಬ ಕಟ್ಟಳೆಗೆ 1340ರಲ್ಲೇ ತಲೆಬಾಗಿದ್ದ. ಹಣ ಕೊಡುವಾಗ ಜನಪ್ರತಿನಿಧಿಗಳು ಏನಾದರೊಂದು ಕೇಳುತ್ತಿದ್ದರು, ದೊರೆ ಗೊಣಗುತ್ತಾ ಒಪ್ಪುತ್ತಿದ್ದ. 1376ರ ಪಾರ್ಲಿಮೆಂಟಿನಲ್ಲಿ ಪೀಟರ್ ದ ಲಾ ಮೇರ್ ಎಂಬಾತ ಎಲ್ಲರ ಪರವಾಗಿ ಎದ್ದು, ಕೊಟ್ಟ ದುಡ್ಡು ಎಲ್ಲಿ ಹೋಯಿತೆಂದು ದೊರೆಯ ಆಪ್ತರನ್ನೇ ಕಟಕಟೆಗೆ ಎಳೆದ. ಇದನ್ನು ಇಂಗ್ಲಿಷರ ಹುಟ್ಟುಗುಣ ಎಂದು ಹೊಗಳುವ ಪುಸ್ತಕಗಳನ್ನು ನಾವೆಲ್ಲ ಓದಿದ್ದೇವೆ. ಹುಟ್ಟುಗುಣ ಅಲ್ಲ, ಸಾಲ ಹುಟ್ಟದ ದೊರೆಯ ಇಕ್ಕಟ್ಟು. ಯುರೋಪಿನಲ್ಲೆಲ್ಲ ಹೀಗಾಯಿತೆಂದೂ ತಿಳಿಯಬೇಡಿ. ಇಂಗ್ಲಿಷ್ ಕಾಲುವೆಯ ಆಚೆಯ ಫ್ರಾನ್ಸಿನಲ್ಲಿ ಇದೇ ಯುದ್ಧ ತಿರುಗಾಮುರುಗಾ ಕೆಲಸ ಮಾಡಿತು. ಇಂಗ್ಲಿಷರಿಗೆ ಸೆರೆಸಿಕ್ಕ ದೊರೆ ಜಾನ್‌ನನ್ನು ಬಿಡಿಸಲು 1360ರಲ್ಲಿ ಮೂವತ್ತು ಲಕ್ಷ ಚಿನ್ನದ ನಾಣ್ಯ ಒಪ್ಪಿಕೊಳ್ಳಬೇಕಾಯಿತು. ಫ್ರಾಂಕ್ ಎಂಬ ನಾಣ್ಯ ಹುಟ್ಟಿದ್ದೇ ಆ ವರ್ಷ, ಆ ಸಂದರ್ಭದಲ್ಲಿ. ತಲೆಯ ಮೇಲೆ ಕೂತ ತೆರಿಗೆ ಮತ್ತೆ ಇಳಿಯಲೇ ಇಲ್ಲ. 1439ರ ಹೊತ್ತಿಗೆ ದೊರೆ ಕಾಯಂ ಕಂದಾಯ ಎತ್ತತೊಡಗಿದ, 1445ರಲ್ಲಿ ಕಾಯಂ ಸೈನ್ಯ ಇಟ್ಟ, ಮತ್ತೆ ಹೆಚ್ಚಾಗಿ ಯಾರನ್ನೂ ಕೇಳಬೇಕಾದ ಪ್ರಮೇಯ ಬರಲಿಲ್ಲ. ಒಂದೇ ಯುದ್ಧ ಇಂಗ್ಲೆಂಡಿನಲ್ಲಿ ದೊರೆಯ ಕೈ ಕಟ್ಟಿತು, ಫ್ರಾನ್ಸಿನಲ್ಲಿ ಬಿಚ್ಚಿತು.

ಕಲಬುರಗಿಯಲ್ಲಿ ಕೇಳಬೇಕಾದವರು ಬೇರೆ ಇದ್ದರು. ಬಹಮನಿ ರಾಜ್ಯ ನಾಲ್ಕು ತರಫ್‌ಗಳಾಗಿ ಹಂಚಿತ್ತು. ಪ್ರತಿ ತರಫ್‌ದಾರ ತನ್ನ ಸೀಮೆಯ ಕಂದಾಯ ಎತ್ತುತ್ತಿದ್ದ, ಅದರಲ್ಲೇ ಸೈನ್ಯ ಸಾಕುತ್ತಿದ್ದ, ಯುದ್ಧ ಬಂದಾಗ ತರುತ್ತಿದ್ದ. ಸುಲ್ತಾನನಿಗೆ ರೈತನ ಮುಂದೆ ಕೈಯೊಡ್ಡುವ ಅಗತ್ಯವೇ ಬೀಳಲಿಲ್ಲ, ತರಫ್‌ದಾರನ ಮುಖ ನೋಡಿದರೆ ಸಾಕಿತ್ತು. ವಿಜಯನಗರದ ನಾಯಕರ ಏರ್ಪಾಡೂ ಹೆಚ್ಚುಕಡಿಮೆ ಇದೇ ಜಾತಿಯದು. ಒಕ್ಕಲಿಗನಿಗೂ ಸಿಂಹಾಸನಕ್ಕೂ ನಡುವೆ ದಳ್ಳಾಳಿಗಳ ಸಾಲೇ ನಿಂತಿರುವಾಗ ಅವನ ಕೂಗು ಹೋಗಿ ಮುಟ್ಟುವುದಾದರೂ ಎಲ್ಲಿಗೆ?

ಸುಲ್ತಾನರಲ್ಲಿ ಕರುಣೆ ಇರಲಿಲ್ಲ ಎನ್ನುತ್ತಿಲ್ಲ. 1378ರಿಂದ 1397ರವರೆಗೆ ಆಳಿದ ಎರಡನೆಯ ಮುಹಮ್ಮದ್ ಷಾನನ್ನು ನಾವು ಮರೆತಿದ್ದೇವೆ. ಕಾರಣ ಸ್ಪಷ್ಟ, ಅವನು ದೊಡ್ಡ ಯುದ್ಧ ಮಾಡಲಿಲ್ಲ. ಪರ್ಷಿಯಾದ ಹಾಫಿಜ್ ಕವಿಯನ್ನು ದಖ್ಖನಿಗೆ ಕರೆದ. ಕವಿ ಹಡಗು ಹತ್ತಿ, ಬಿರುಗಾಳಿಗೆ ಹೆದರಿ ಇಳಿದು, ಮನೆಗೆ ಹೋಗಿ ಒಂದು ಗಜಲ್ ಕಳಿಸಿದ. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಈ ಸುಲ್ತಾನನ ಕಾಲದ ಬರಗಾಲದ ನಿರ್ವಹಣೆ. ಮಾಳವ, ಗುಜರಾತಿನಿಂದ ಧಾನ್ಯ ಹೇರಿ ತರಲು ಸರಕಾರದ ಹತ್ತು ಸಾವಿರ ಎತ್ತುಗಳನ್ನು ದಾರಿಗೆ ಬಿಟ್ಟ, ತಂದದ್ದನ್ನು ಅಗ್ಗದ ದರಕ್ಕೆ ಮಾರಿಸಿದ. ಅನಾಥ ಮಕ್ಕಳಿಗಾಗಿ ಕಲಬುರಗಿ, ಬೀದರ್, ಚೌಲ್, ದಾಭೋಳ ಮೊದಲಾದ ಊರುಗಳಲ್ಲಿ ಶಾಲೆ ತೆರೆದ. ಅವನು ಸತ್ತ ವರ್ಷವೇ ಅವನ ಮಗನ ಕಣ್ಣು ಕೀಳಿಸಿ ಅರಮನೆಯವರು ಬೇರೆಯವರನ್ನು ಕೂರಿಸಿದರು. 1396ರಲ್ಲಿ ಶುರುವಾಗಿ ಹನ್ನೆರಡು ವರ್ಷ ನಡೆಯಿತೆನ್ನುವ ದುರ್ಗಾದೇವಿ ಬರದ ನೆನಪು ದಖ್ಖನಿನಲ್ಲಿ ಉಳಿದಿದೆ. ಆ ಬರದ ನಡುವೆಯೇ ಎಡೆದೊರೆಯಲ್ಲಿ ಹೊಸ ಯುದ್ಧಗಳಾದವು. ದೊರೆಯ ಕರುಣೆಯಿಂದ ಬಂದ ಎತ್ತುಗಳು ದೊರೆ ಬದಲಾದಾಗ ಬರಲಿಲ್ಲ.

ಪ್ಲೇಗಿನಿಂದ ಉಳಿದ ಇಂಗ್ಲೆಂಡಿನಲ್ಲಿ ಆಳುಗಳ ಕೊರತೆಯಾಯಿತು. ಕೂಲಿ ಏರಿತು. ಪ್ಲೇಗಿಗೆ ಮುಂಚಿನ ಕೂಲಿಗಿಂತ ಒಂದು ಕಾಸು ಹೆಚ್ಚು ಕೇಳಬಾರದು ಎಂದು 1351ರಲ್ಲಿ ಕಾನೂನೇ ಮಾಡಿದರು. ನಮ್ಮ ತೊಗರಿ ಕೊಯ್ಲಿನ ಕಾಲದಲ್ಲಿ ಕೂಲಿಯಾಳು ಸಿಗದೆ ಒದ್ದಾಡುವ ಒಡೆಯರಿಗೆ ಆ ಕಾನೂನು ಮಾಡಿದವರ ಸಂಕಟ ತಟ್ಟನೆ ಅರ್ಥವಾದೀತು. ಮೇಲೆ ಯುದ್ಧದ ತಲೆಗಂದಾಯ: 1377ರಲ್ಲಿ ತಲೆಗೆ ನಾಲ್ಕು ಪೆನ್ಸ್, ನಾಲ್ಕೇ ವರ್ಷದಲ್ಲಿ ಹನ್ನೆರಡು. 1381ರ ಜೂನ್‌ನಲ್ಲಿ ಕೆಂಟ್, ಎಸೆಕ್ಸ್ ಸೀಮೆಯ ರೈತರು ಲಂಡನ್ನಿಗೆ ನುಗ್ಗಿದರು. ಮುಂದಾಳು ವಾಟ್ ಟೈಲರ್‌ನನ್ನು ದೊರೆಯ ಎದುರಲ್ಲೇ ಕಡಿದರು, ದಂಗೆ ಮುರಿಯಿತು. ಆದರೆ ಹಾಗೆ ತಲೆಗಿಷ್ಟೆಂದು ಹೇರುವ ಧೈರ್ಯ ಮತ್ತೆ ಬೇಗ ಬರಲಿಲ್ಲ, ಜೀತ ಹೊಲಗಳಿಂದ ಮೆಲ್ಲಗೆ ಸವೆದುಹೋಯಿತು.

ನಮ್ಮಲ್ಲಿ ಇಂಥದ್ದು ಆಗಲೇ ಇಲ್ಲ, ನಮ್ಮ ರೈತ ಮೂಕ ಪಶು ಎಂದು ಯಾರಾದರೂ ಹೇಳಿದರೆ ಅವರನ್ನು 1429ರ ಶಾಸನಗಳ ಮುಂದೆ ನಿಲ್ಲಿಸಿ. ಆ ವರ್ಷ ಫ್ರಾನ್ಸಿನಲ್ಲಿ ರೈತನೊಬ್ಬನ ಹದಿಹರೆಯದ ಮಗಳು ಜೋನ್ ಓರ್ಲಿಯನ್ಸ್ ಪಟ್ಟಣದ ಮುತ್ತಿಗೆ ಬಿಡಿಸಿದಳು. ಜಗತ್ತಿಗೆಲ್ಲ ಅದು ಗೊತ್ತು. ಅದೇ ವರ್ಷ ವಿಜಯನಗರದ ಎರಡನೆಯ ದೇವರಾಯನ ಆಳ್ವಿಕೆಯ ತಮಿಳು ಸೀಮೆಯಲ್ಲಿ, ತಂಜಾವೂರು, ವೃದ್ಧಾಚಲಂ ಕಡೆ, ಬಲಗೈ ಮತ್ತು ಎಡಗೈ ಪಂಗಡಗಳು ತಮ್ಮ ಹಳೆಯ ಜಗಳ ಬದಿಗಿಟ್ಟು ಒಂದಾದವು. ಅಧಿಕಾರಿಗಳೂ ಭೂಮಾಲೀಕರೂ ಸೇರಿ ಮಿತಿಮೀರಿ ವಸೂಲಿ ಮಾಡುತ್ತಿದ್ದಾರೆ. ಇನ್ನು ಮುಂದೆ ಕೊಡಬೇಕಾದಷ್ಟನ್ನೇ ಕೊಡುತ್ತೇವೆ, ಅವರಿಗೆ ಆಸರೆ ಕೊಡುವುದಿಲ್ಲ, ಅವರ ಪರವಾಗಿ ಲೆಕ್ಕ ಬರೆಯುವುದಿಲ್ಲ ಎಂದು ನಿರ್ಣಯಿಸಿ ಗುಡಿಯ ಗೋಡೆಗೆ ಕೆತ್ತಿಸಿದವು. ಜಪಾನಿನ ವಿದ್ವಾಂಸ ನೊಬೊರು ಕರಾಶಿಮ ಇವನ್ನು ಕೂಡಿಸಿ ಓದಿದ ಮೇಲೆ ಈ ದಂಗೆಯ ಪೂರ್ಣ ರೂಪ ಕಣ್ಣಿಗೆ ಬಿತ್ತು. ಲೆಕ್ಕ ಬರೆಯುವುದಿಲ್ಲ ಎಂಬ ಮಾತು ನೋಡಿ! ಲೆಕ್ಕವಿಲ್ಲದೆ ಕಂದಾಯವಿಲ್ಲ. ಇಂಗ್ಲಿಷ್ ಪಾರ್ಲಿಮೆಂಟಿನವರು ಲೆಕ್ಕ ಕೊಡಿ ಎಂದರು, ಇವರು ಲೆಕ್ಕವನ್ನೇ ನಿಲ್ಲಿಸುತ್ತೇವೆ ಎಂದರು. ಅವರ ಸಿಟ್ಟು ಇವರದಕ್ಕಿಂತ ದೊಡ್ಡದೇನಲ್ಲ. ಆದರೆ ಅವರಿಗೆ ದೊರೆಯ ಎದುರು ಕೂರಲು ಮತ್ತೆ ಮತ್ತೆ ತೆರೆಯುವ ಒಂದು ಹಜಾರವಿತ್ತು, ಇವರಿಗೆ ಗುಡಿಯ ಗೋಡೆ ಮಾತ್ರ ಇತ್ತು.

ಈಗ ಫಿರೋಜ್ ಷಾನ ಮಾತು. 1397ರಲ್ಲಿ ಪಟ್ಟವೇರಿದ ಈತ ಹಲವು ಭಾಷೆ ಬಲ್ಲವನು, ಖಗೋಳಶಾಸ್ತ್ರದ ಹುಚ್ಚಿನವನು. ದೌಲತಾಬಾದಿನ ಹತ್ತಿರ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ. ಭೀಮಾ ದಂಡೆಯ ಮೇಲೆ ಫಿರೋಜಾಬಾದ್ ಎಂಬ ಊರನ್ನೇ ಎಬ್ಬಿಸಿದ. ತೈಮೂರನ ದಾಳಿಗೆ ಮುಂಚೆ ದೆಹಲಿ ಬಿಟ್ಟ ಸೂಫಿ ಸಂತ ಖ್ವಾಜಾ ಬಂದೇ ನವಾಜರು ಕಲಬುರಗಿಗೆ ಬಂದದ್ದು ಇವನ ಕಾಲದಲ್ಲೇ. 1406ರ ಯುದ್ಧ ಮುಗಿದಾಗ ಒಂದನೆಯ ದೇವರಾಯನ ಮಗಳನ್ನು ಫಿರೋಜ್ ಮದುವೆಯಾದ, ಬಂಕಾಪುರ ಬಳುವಳಿಯಾಗಿ ಬಂತು ಎನ್ನುತ್ತಾನೆ ಫರಿಶ್ತಾ. ಮಾವನ ಮನೆಯ ಔತಣ ಮುಗಿಸಿ ಹೊರಟಾಗ ದೇವರಾಯ ಸ್ವಲ್ಪ ದೂರ ಮಾತ್ರ ಬಂದು ತಿರುಗಿದ, ಶಿಬಿರದವರೆಗೆ ಬರಲಿಲ್ಲ ಎಂದು ಅಳಿಯ ಮುನಿಸಿಕೊಂಡನಂತೆ. ಬೀಗರ ಮುನಿಸು ನಮಗೆ ಗೊತ್ತಿಲ್ಲದ್ದೇ? 1420ರಲ್ಲಿ ಇಂಗ್ಲೆಂಡಿನ ಐದನೆಯ ಹೆನ್ರಿಯೂ ಫ್ರಾನ್ಸಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದ. ಎರಡೂ ಕಡೆ ಮದುವೆಯಿಂದ ಯುದ್ಧ ನಿಲ್ಲಲಿಲ್ಲ.

ಹೆನ್ರಿ 1415ರಲ್ಲಿ ಅಜಿನ್‌ಕೋರ್ಟಿನಲ್ಲಿ ಗೆದ್ದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚೆ ಹಾರ್ಫ್ಲರ್ ಮುತ್ತಿಗೆಯಲ್ಲಿ ಅವನ ಸೈನ್ಯ ರಕ್ತಭೇದಿಗೆ ಸಿಕ್ಕಿ ಸೊರಗಿದ್ದನ್ನು ನೆನೆಯುವವರು ಕಡಿಮೆ. ಫಿರೋಜ್ ಈಗಿನ ತೆಲಂಗಾಣದ ಪಾನಗಲ್ ಕೋಟೆಯನ್ನು ಎರಡು ವರ್ಷ ಮುತ್ತಿ ಕೂತ. ಶಿಬಿರದಲ್ಲಿ ರೋಗ ಬಿತ್ತು, ಮನುಷ್ಯರೂ ಕುದುರೆಗಳೂ ಸತ್ತವು, ದೇವರಾಯನ ಸೇನೆ ಬಂದು ಉಳಿದವರನ್ನು ಚದುರಿಸಿತು. ಸುಲ್ತಾನ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಮುಂದೆ 1422. ಈ ಒಂದು ವರ್ಷವನ್ನು ಶಾಲೆಯ ಗೋಡೆಯ ಮೇಲೆ ಬರೆದು ಹಾಕಬೇಕೆಂದು ನನ್ನಾಸೆ. ಆಗಸ್ಟ್ 31ರಂದು ಐದನೆಯ ಹೆನ್ರಿ ಮುತ್ತಿಗೆಯ ರಕ್ತಭೇದಿಗೇ ಬಲಿಯಾದ. ಅವನ ವಾರಸುದಾರ ಒಂಬತ್ತು ತಿಂಗಳ ಕೂಸು. ಸೆಪ್ಟೆಂಬರಿನಲ್ಲಿ ಫಿರೋಜ್ ತಮ್ಮ ಅಹಮದನಿಗೆ ಪಟ್ಟ ಬಿಟ್ಟುಕೊಟ್ಟು ಕೆಲವೇ ದಿನಕ್ಕೆ ಸತ್ತ. ಅಕ್ಟೋಬರ್ 21ಕ್ಕೆ ಫ್ರಾನ್ಸಿನ ಹುಚ್ಚು ದೊರೆ ಆರನೆಯ ಚಾರ್ಲ್ಸ್. ನವೆಂಬರ್ 1ಕ್ಕೆ ನೂರು ದಾಟಿದ ಬಂದೇ ನವಾಜರು. ಅದೇ ವರ್ಷ ಒಂದನೆಯ ದೇವರಾಯ. ಎರಡು ಯುದ್ಧಗಳ ನಾಲ್ಕೂ ದೊರೆಗಳು ಹೊರಟುಹೋದರು. ಯುದ್ಧ ಮಾತ್ರ ಎರಡು ಕಡೆಯೂ ಉಳಿಯಿತು. ಫಿರೋಜನ ಗೋರಿ ಹಫ್ತ್ ಗುಂಬಜ್‌ನಲ್ಲಿದೆ. ಬಂದೇ ನವಾಜರ ದರ್ಗಾಕ್ಕೆ ಹೋಗುವ ಜನಸಾಗರ ಅಲ್ಲೇ ಹಾದುಹೋಗುತ್ತದೆ. ಸಾವಿರದಲ್ಲಿ ಒಬ್ಬ ಒಳಗೆ ಇಣುಕಿ ನೋಡಿದರೆ ಹೆಚ್ಚು. ಖ್ವಾಜಾ ಸಾಹೇಬರಿಗೂ ಫಿರೋಜನಿಗೂ ಹೊಂದಿಕೆ ಇರಲಿಲ್ಲ ಎಂಬ ಮಾತು ಹಳೆಯದು. ಯಾರು ಗೆದ್ದರೆಂದು ಉರುಸಿನ ದಿನ ಹೋದರೆ ತಿಳಿಯುತ್ತದೆ.

ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಇಂದಿನ ಹೆದ್ದಾರಿಯಲ್ಲಿ ಕಮಲಾಪುರ, ಹುಮನಾಬಾದ್ ದಾಟಿ ಹೋದರೆ ಸಿಗುವ ಊರು. ಕಲಬುರಗಿಗಿಂತ ಎತ್ತರ, ತಂಪು, ನೀರೂ ಚೆನ್ನಾಗಿತ್ತು. ಕಮಲಾಪುರದ ಗೆಳೆಯರು ತಮ್ಮೂರನ್ನು ಕೆಂಬಾಳೆಯ ಊರೆಂದಷ್ಟೇ ಪರಿಚಯಿಸುತ್ತಾರೆ. ಎರಡು ರಾಜಧಾನಿಗಳ ನಡುವಿನ ಸೀಮೆ ಅದು ಎಂದೂ ಹೇಳಿಕೊಳ್ಳಬಹುದು.

ಈ ಸೀಮೆಗೆ 1469ರ ನಂತರ ಯುರೋಪಿನಿಂದಲೇ ಒಬ್ಬ ಬಂದ. ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. ಅವನ ಬಂಡವಾಳ ಒಂದು ಗಂಡು ಕುದುರೆ. ಚೌಲ್ ಬಂದರಿನಲ್ಲಿ ಇಳಿದ, ಜುನ್ನಾರಿನ ಖಾನ ಆ ಕುದುರೆ ಕಸಿದುಕೊಂಡು ಧರ್ಮ ಬದಲಿಸಿದರೆ ಕೊಡುತ್ತೇನೆಂದ. ಹೇಗೋ ಅದನ್ನು ಬಿಡಿಸಿಕೊಂಡು ಬೀದರಿನಲ್ಲಿ ಮಾರಿದ. ಕಲಬುರಗಿಗೂ ಬಂದ. ನಮ್ಮ ಆಳಂದದಲ್ಲಿ ಷೇಖ್ ಅಲಾವುದ್ದೀನರ ನೆನಪಿನ ಜಾತ್ರೆ ಹತ್ತು ದಿನ ನಡೆಯುತ್ತದೆ, ಅಲ್ಲಿಗೆ ಇಪ್ಪತ್ತು ಸಾವಿರ ಕುದುರೆ ಮಾರಾಟಕ್ಕೆ ಬರುತ್ತವೆ ಎಂದು ಬರೆದಿಟ್ಟ. ಸಂಖ್ಯೆ ಅರ್ಧ ಮಾಡಿಕೊಂಡರೂ ಸರಿ, ಆ ಜಾತ್ರೆಯಲ್ಲಿ ಒಂದೊಂದು ಕುದುರೆಗೆ ಎಣಿಸಿದ ಹೊನ್ನು ಯಾವ ಹೊಲದಿಂದ ಬಂತು ಎಂಬ ಪ್ರಶ್ನೆಗೆ ನಿಕಿತಿನನೇ ಉತ್ತರ ಕೊಟ್ಟಿದ್ದಾನೆ: ಈ ನಾಡಿನಲ್ಲಿ ಜನ ತುಂಬಿದ್ದಾರೆ, ಹಳ್ಳಿಯವರು ಕಡುಬಡವರು, ಅಮೀರರು ಬೆಳ್ಳಿಯ ಮಂಚದ ಮೇಲೆ ಮೆರೆಯುತ್ತಾರೆ. ಸೈನ್ಯದ ವೈಭವ ಬರೆದ ಎಲ್ಲ ಆಸ್ಥಾನ ಚರಿತ್ರೆಗಳಿಗಿಂತ ಈ ಕುದುರೆ ವ್ಯಾಪಾರಿಯ ಕಣ್ಣನ್ನು ನಾನು ಹೆಚ್ಚು ನಂಬುತ್ತೇನೆ.

ಆ ಬೀದರಿನಲ್ಲಿ ಆಗ ಇದ್ದ ದೀವಾನ ಮಹಮೂದ್ ಗವಾನ್. ರಾಜ್ಯದ ರೋಗ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ನಾಲ್ಕು ತರಫ್‌ಗಳನ್ನು ಎಂಟು ಮಾಡಿದ, ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿ ಮಿಕ್ಕವಕ್ಕೆ ತಾನೇ ಕಿಲ್ಲೇದಾರರನ್ನು ಹಾಕಿದ, ನೆಲ ಅಳೆಸಿ ಕಂದಾಯ ಗೊತ್ತು ಮಾಡಲು ಹೊರಟ. ಅಂದರೆ ರೈತನಿಗೂ ಸಿಂಹಾಸನಕ್ಕೂ ನಡುವಿನ ಆ ಸಾಲನ್ನು ಮೊಟಕು ಮಾಡಲು ಹೊರಟ. ಸಾಲಿನಲ್ಲಿದ್ದವರು ಖೊಟ್ಟಿ ಪತ್ರ ಸೃಷ್ಟಿಸಿದರು. 1481ರ ಏಪ್ರಿಲ್ 5ರಂದು, ಕುಡಿದ ಸುಲ್ತಾನನ ಅಪ್ಪಣೆಯಂತೆ ಎಪ್ಪತ್ತು ದಾಟಿದ ಮುದುಕನ ತಲೆ ಹೋಯಿತು. ಅಳತೆಯ ಹಗ್ಗವೂ ಅವನೊಂದಿಗೇ ಹೋಯಿತು. ಹತ್ತು ವರ್ಷದಲ್ಲಿ ತರಫ್‌ಗಳು ರಾಜ್ಯಗಳಾಗತೊಡಗಿದವು. ಪೀಟರ್ ದ ಲಾ ಮೇರ್‌ನನ್ನೂ ದೊರೆಯ ಕಡೆಯವರು ಸೆರೆಗೆ ತಳ್ಳಿದ್ದರು. ಅವನು ಸೆರೆಯಲ್ಲಿದ್ದಾಗಲೂ ಪಾರ್ಲಿಮೆಂಟ್ ಸೇರಿತು. ಗವಾನನ ಹಿಂದೆ ಸೇರಲು ಯಾವ ಸಭೆಯೂ ಇರಲಿಲ್ಲ.

ಎಡೆದೊರೆ ಯುದ್ಧವನ್ನು ಹಿಂದೂ–ಮುಸಲ್ಮಾನರ ಯುದ್ಧವೆಂದು ಓದುವವರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಎರಡನೆಯ ದೇವರಾಯ ಮುಸಲ್ಮಾನ ಬಿಲ್ಲುಗಾರರನ್ನು ಸೈನ್ಯಕ್ಕೆ ಸೇರಿಸಿಕೊಂಡು, ಸಿಂಹಾಸನದ ಮುಂದೆ ಕುರಾನ್ ಇಡಿಸಿದ. ಕೃಷ್ಣದೇವರಾಯ ಬಹಮನಿ ಮನೆತನದವನನ್ನು ಮತ್ತೆ ಗದ್ದುಗೆಗೇರಿಸಿ ಯವನರಾಜ್ಯ ಸ್ಥಾಪನಾಚಾರ್ಯ ಎಂಬ ಬಿರುದು ಹೊತ್ತ. ಇಂಗ್ಲೆಂಡ್, ಫ್ರಾನ್ಸ್ ಎರಡೂ ಒಂದೇ ಶಿಲುಬೆಗೆ ಕೈಮುಗಿಯುತ್ತಾ ನೂರಹದಿನಾರು ವರ್ಷ ಬಡಿದಾಡಿದವು. ದೇವರು ಯಾವ ಕಡೆ ಇದ್ದ ಎಂದು ಅವರನ್ನೂ ಕೇಳಬಹುದು.

ನೂರು ವರ್ಷದ ಯುದ್ಧ 1453ರಲ್ಲಿ ಕಾಸ್ತಿಯೋಂ ಎಂಬಲ್ಲಿ ಫಿರಂಗಿಗಳ ಬಾಯಲ್ಲಿ ಮುಗಿಯಿತು. ಇಂಗ್ಲಿಷರಿಗೆ ಉಳಿದದ್ದು ಕ್ಯಾಲೇ ಒಂದೇ. ಅದೂ 1558ರಲ್ಲಿ ಹೋಯಿತು. ಎಡೆದೊರೆಯ ಯುದ್ಧ ಬಹಮನಿಗಳು ಚೂರಾದ ಮೇಲೂ ಮುಗಿಯಲಿಲ್ಲ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯ ಎದುರು ಇದ್ದ, ಒಳಗೆ ಆದಿಲ್‌ಷಾಹಿಯ ಪಡೆ. ಈ ಸಲ ಯುರೋಪು ಎಡೆದೊರೆಗೇ ಬಂದಿತ್ತು: ಕ್ರಿಸ್ತೊವಾಂವ್ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಕೋವಿಯವರೂ ರಾಯನ ಕಡೆ ನಿಂತು, ಗೋಡೆಯ ಮೇಲೆ ತಲೆ ಎತ್ತಿದವರನ್ನು ಗುರಿಯಿಟ್ಟು ಹೊಡೆಯುತ್ತಿದ್ದರು. ಅವರ ಗುಂಡಿನ ಮರೆಯಲ್ಲಿ ರಾಯನ ಆಳುಗಳು ಗುದ್ದಲಿ, ಹಾರೆ ಹಿಡಿದು ಕೋಟೆಗೋಡೆಯ ಬುಡಕ್ಕೆ ಹೋಗಿ ಕಲ್ಲು ಕೀಳುತ್ತಿದ್ದರು. ಕಿತ್ತು ತಂದ ಪ್ರತಿ ಕಲ್ಲಿಗೂ ಅದರ ಗಾತ್ರ ನೋಡಿ ಇಷ್ಟು ಪಣ ಎಂದು ಎಣಿಸಿ ಕೊಟ್ಟರು ಎಂದು ಬರೆದವನು ನೂನಿಜ್, ಅವನೂ ಒಬ್ಬ ಕುದುರೆ ವ್ಯಾಪಾರಿ. ಎರಡು ಯುದ್ಧಗಳ ಇಷ್ಟು ಚರಿತ್ರೆ ಓದಿದವನಿಗೆ, ಯುದ್ಧದ ದುಡ್ಡು ಕೈಕೆಲಸದವನ ಕೈಗೆ ನೇರವಾಗಿ ಬಿದ್ದದ್ದು ಕಂಡದ್ದು ಆ ಗೋಡೆಯ ಬುಡದಲ್ಲಿ.